ಸಲಾಹ್‌ನ ಸಹಿ

ಊಟ ಮಾಡ್ತಾ ಲಿವರ್‌ಪೂಲ್‌ನ 2024-25ರ ಗೋಲುಗಳನ್ನ ಮತ್ತೆ ನೋಡ್ತಿದ್ದೆ. ಸೌತಾಂಪ್ಟನ್ ವಿರುದ್ಧ ಎರಡು ಗೋಲು ಹೊಡೆದು ಗೆಲ್ಲಿಸಿದ ಸಲಾಹ್, ಪಂದ್ಯ ಮುಗಿದ ಮೇಲೆ ಪತ್ರಕರ್ತರ ಹತ್ರ ಹೋಗಿ ಕ್ಲಬ್ಬಿಂದ ಹೊಸ ಒಪ್ಪಂದದ ಆಫರ್ರೇ ಇನ್ನೂ ಬಂದಿಲ್ಲ ಅಂದುಬಿಟ್ಟಿದ್ದ!

ಆಗ ವಯಸ್ಸು 32. ಆ ಸಲ ಲೀಗ್‌ನಲ್ಲಿ 29 ಗೋಲು, 18 ಅಸಿಸ್ಟ್. ಕೊನೆಗೂ ಸಹಿ ಬಿದ್ದಿದ್ದು ಏಪ್ರಿಲ್‌ನಲ್ಲಿ. ಅದೇ ತಿಂಗಳು ಟಾಟನ್‌ಹ್ಯಾಮ್‌ಗೆ 5-1 ಬಾರಿಸಿ ಲೀಗ್ ಪ್ರಶಸ್ತಿಯೂ ಬಂತು. 33ರ ವಾನ್ ಡೈಕ್‌ನನ್ನೂ ಅಷ್ಟೇ ಕಾಯಿಸಿದ್ರು. ತಮಾಷೆ ಅಂದ್ರೆ, ವಯಸ್ಸಾದ ಇಬ್ಬರೂ ಉಳಿದ್ರು, 26ರ ಅಲೆಕ್ಸಾಂಡರ್-ಆರ್ನಾಲ್ಡ್ ರಿಯಲ್ ಮ್ಯಾಡ್ರಿಡ್‌ಗೆ ಹೊರಟ.

ಮುಂದಿನ ಸೀಸನ್ನಲ್ಲಿ ಸಲಾಹ್ ಬೆಂಚ್ ಮೇಲೆ ಕೂತಾಗ 'ವಯಸ್ಸಾಯ್ತು ಅಂತ ನಾವ್ ಹೇಳಿರ್ಲಿಲ್ವಾ' ಅಂದವರಿದ್ದಾರೆ. ಇರಲಿ ಬಿಡಿ. ಆ ಹೊಸ ಸಂಬಳವನ್ನ ಗೆದ್ದುಕೊಟ್ಟ ಟ್ರೋಫಿಯ ಬಾಕಿ ಅಂತಲೇ ನಾನು ಲೆಕ್ಕ ಹಾಕೋದು. ನೀವಾಗಿದ್ರೆ ಸಹಿ ಹಾಕಿಸ್ತಿದ್ರಾ?