ಬಾಲ್ಕನಿಯ ತೊಗಲಂಗಡಿ

ನಿವೃತ್ತರಾದವರಿಗೆ ಯಾವ ಹವ್ಯಾಸ ಒಪ್ಪುತ್ತದೆ, ಯಾವುದು ಒಪ್ಪುವುದಿಲ್ಲ ಎಂದು ಬೆಂಗಳೂರಿನ ಕುಮಾರ ಪಾರ್ಕಿನಲ್ಲಿ ಯಾರೂ ಬರೆದಿಟ್ಟಿಲ್ಲ. ಆದರೂ ಎಲ್ಲರಿಗೂ ಗೊತ್ತು. ಬೆಳಿಗ್ಗೆ ವಾಕಿಂಗು, ಆಮೇಲೆ ಪೇಪರು, ಸಂಜೆ ಗಮಕವೋ ಗೀತೆಯ ಕ್ಲಾಸೋ. ಕೈ ಸುಮ್ಮನಿರದವರು ಬೋನ್ಸಾಯ್ ಬೆಳೆಸಬಹುದು. ಅಂಚೆಚೀಟಿ, ಹಳೇ ನಾಣ್ಯಕ್ಕೂ ಅಡ್ಡಿಯಿಲ್ಲ. ನಮ್ಮ ಮೇಲಿನ ಮಹಡಿಯವರು ಹೋಮಿಯೋಪಥಿ ಹಿಡಿದಿದ್ದಾರೆ. ಇಡೀ ಅಪಾರ್ಟ್‌ಮೆಂಟೇ ಈಗ ಅವರ ರೋಗಿ. ಅದಕ್ಕೂ ಯಾರ ತಕರಾರೂ ಇಲ್ಲ. ನಾನು ಚರ್ಮ ಹೊಲಿಯಲು ಕೂತೆ ನೋಡಿ, ಆಗ ಸುದ್ದಿಯಾಯಿತು.

ಇದಕ್ಕೆಲ್ಲ ಕಾರಣ ಮಗಳು. ಅಪ್ಪ ರಿಟೈರ್ ಆದಮೇಲೆ ಅಡುಗೆಮನೆಗೆ ಬಂದು ಸಾರಿಗೆ ಉಪ್ಪು ಎಷ್ಟೆಂದು ವಿಚಾರಿಸುತ್ತಾರೆ ಎಂಬ ದೂರು ವಾರವಾರವೂ ವೀಡಿಯೊ ಕಾಲಿನಲ್ಲಿ ಅಮೆರಿಕ ತಲುಪುತ್ತಿತ್ತು. ಅಲ್ಲಿ ಅವಳ ಆಫೀಸಿನವರು ಶನಿವಾರ ಬಂತೆಂದರೆ ಗ್ಯಾರೇಜಿನಲ್ಲಿ ಕೂತು ಬೆಲ್ಟು, ಪರ್ಸು ಹೊಲಿಯುತ್ತಾರಂತೆ. ರಜೆಗೆ ಬಂದಾಗ ಒಂದು ಪೆಟ್ಟಿಗೆ ತಂದು ನನ್ನ ಕೈಗಿಟ್ಟಳು. ತೆರೆದರೆ ಒಳಗೆ ವೆಲ್ವೆಟ್ಟಿನ ಗೂಡುಗಳಲ್ಲಿ ಸಾಲಾಗಿ ಮಲಗಿದ್ದ ಉಪಕರಣಗಳು: ನಾಲ್ಕು ಹಲ್ಲಿನ ಉಳಿ, ಎರಡು ಹಲ್ಲಿನ ಉಳಿ, ಚರ್ಮದ ಅಂಚು ಕೆರೆಯುವ ಕೊಕ್ಕೆ, ಮರದ ಹಿಡಿಯ ಆರಿ, ಮೊಂಡು ತುದಿಯ ಸೂಜಿಗಳು, ಮೇಣ ಸವರಿದ ದಾರದ ಉಂಡೆ. ಅಮ್ಮ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದಳು. "ಹಲ್ಲಿನ ಡಾಕ್ಟರದ್ದೇನೋ?" ಎಂದಳು. ಅಲ್ಲ, ಚರ್ಮದ ಕೆಲಸದ್ದು ಎಂದೆ. ಅಮ್ಮ ಕನ್ನಡಕ ತೆಗೆದಿಟ್ಟಳು. ಹೆಂಡತಿ ಮಾತ್ರ, "ರೀ, ಇಷ್ಟು ವರ್ಷ ಬ್ಯಾಂಕಲ್ಲಿ ಊರವರ ದುಡ್ಡು ಎಣಿಸಿದ್ರಿ, ಇನ್ನು ಊರವರ ಪರ್ಸು ಹೊಲೀತೀರಾ?" ಎಂದು ನಕ್ಕಳು.

ಮಾತುಕತೆ ನಡೆದು ಒಪ್ಪಂದವಾಯಿತು. ತೊಗಲು ಹಿಂದಿನ ಬಾಗಿಲಿನಿಂದ ಬರಬೇಕು. ಕೆಲಸ ಬಾಲ್ಕನಿಯಲ್ಲಿ ಮಾತ್ರ. ಮುಗಿದ ಮೇಲೆ ಕೈಕಾಲು ತೊಳೆದೇ ಒಳಗೆ ಕಾಲಿಡಬೇಕು. ಏಕಾದಶಿ, ಅಮಾವಾಸ್ಯೆ, ಅಪ್ಪನ ತಿಥಿಯ ದಿನ ಪೆಟ್ಟಿಗೆ ಮುಟ್ಟುವಂತಿಲ್ಲ. ಬ್ಯಾಂಕಿನ ಯೂನಿಯನ್ನಿನಲ್ಲಿ ಎಷ್ಟೋ ಒಪ್ಪಂದಗಳಿಗೆ ಸಹಿ ಹಾಕಿದವನು ನಾನು. ಇಷ್ಟು ಬಿಗಿಯಾದ ಕರಾರು ಮ್ಯಾನೇಜ್‌ಮೆಂಟಿನವರೂ ಹಾಕಿರಲಿಲ್ಲ.

ತೊಗಲು ಕೊಳ್ಳುವುದೇ ಒಂದು ವಿದ್ಯೆ. ಬಟ್ಟೆ ಅಂಗಡಿಗೆ ಹೋಗಿ ಎರಡು ಮೀಟರ್ ಕೊಡಿ ಅಂದಷ್ಟು ಸಲೀಸಲ್ಲ. ದನವಾಗಲಿ ಎಮ್ಮೆಯಾಗಲಿ ಚೌಕಾಕಾರವಾಗಿ ಹುಟ್ಟುವುದಿಲ್ಲವಲ್ಲ. ಕುತ್ತಿಗೆ, ಕಾಲು, ಹೊಟ್ಟೆಗಳ ಅಂಕುಡೊಂಕನ್ನೆಲ್ಲ ಸೇರಿಸಿ ಚದರಡಿಯ ಲೆಕ್ಕದಲ್ಲಿ ಮಾರುತ್ತಾರೆ. ಶಿವಾಜಿನಗರದ ಗಲ್ಲಿಯೊಂದರ ಅಂಗಡಿಯವರು ಮೊದಲು ಕೇಳಿದ್ದು, "ಎಷ್ಟು ಎಂಎಂ ಸಾರ್?" ಪರ್ಸಿಗೆ ಒಂದರಿಂದ ಒಂದೂವರೆ ಮಿಲಿಮೀಟರ್ ದಪ್ಪ ಸಾಕು, ಬೆಲ್ಟಿಗೆ ಮೂರೂವರೆ, ನಾಲ್ಕು ಬೇಕು. ಬೆನ್ನಿನ ತೊಗಲು ಗಟ್ಟಿ, ಎಳೆದರೆ ಹಿಗ್ಗುವುದಿಲ್ಲ. ಹೊಟ್ಟೆಯದು ಸಡಿಲ. ಹೊಟ್ಟೆಯ ಭಾಗದಲ್ಲಿ ಬೆಲ್ಟು ಕತ್ತರಿಸಿದರೆ ಅದು ತೊಟ್ಟವನ ಹೊಟ್ಟೆಯ ಜೊತೆಜೊತೆಗೇ ಬೆಳೆಯುತ್ತದೆ.

ಹದ ಮಾಡುವುದರಲ್ಲೂ ಎರಡು ಮತ. ಒಂದು ಕ್ರೋಮಿನದು. ಕ್ರೋಮಿಯಂ ಲವಣದ ನೀರಿನಲ್ಲಿ ತೊಗಲು ಒಂದೆರಡು ದಿನಕ್ಕೆಲ್ಲ ಹದಕ್ಕೆ ಬರುತ್ತದೆ. ಮೆತ್ತಗಿರುತ್ತದೆ, ಬೇಕಾದ ಬಣ್ಣ ಹಿಡಿಯುತ್ತದೆ. ಷೋರೂಮಿನ ಬ್ಯಾಗು, ಸೋಫಾಗಳೆಲ್ಲ ಹೆಚ್ಚುಕಮ್ಮಿ ಇದೇ ಮತದವು. ಇನ್ನೊಂದು ಮರಗಿಡಗಳ ಒಗರಿನದು, ಹಳೆಯ ಕಾಲದ್ದು. ತಂಗಡಿ ತೊಗಟೆ, ಜಾಲಿ ತೊಗಟೆ, ಅಳಲೆಕಾಯಿಯ ಕಷಾಯದಲ್ಲಿ ತೊಗಲು ವಾರಗಟ್ಟಲೆ ನೆನೆಯಬೇಕು. ಕೈಯಲ್ಲಿ ಹೊಲಿಯುವವರಿಗೆ, ಒದ್ದೆ ಮಾಡಿ ಅಚ್ಚೊತ್ತುವವರಿಗೆ ಇದೇ ಬೇಕು. ಮೂಗಿಗಿಟ್ಟರೆ ಕಟ್ಟಿಗೆ ಮಂಡಿಯ ವಾಸನೆ.

ಅಳಲೆಕಾಯಿ ಎಂಬ ಮಾತು ಕಿವಿಗೆ ಬಿದ್ದದ್ದೇ ಅಮ್ಮ ಜಪದ ನಡುವೆ ತಲೆಯೆತ್ತಿದಳು. ನಮ್ಮ ಮನೆಯಲ್ಲಿ ಕೆಮ್ಮು ಬಂದರೆ ಅಳಲೆಕಾಯಿ, ಹೊಟ್ಟೆ ಕೆಟ್ಟರೆ ಅಳಲೆಕಾಯಿ, ಮಕ್ಕಳಿಗೆ ತೇಯ್ದು ನೆಕ್ಕಿಸುವುದೂ ಅದನ್ನೇ. ನೆಲ್ಲಿ, ತಾರೆಯ ಜೊತೆ ಸೇರಿ ತ್ರಿಫಲವಾಗುವ ಅದೇ ಕಾಯಿ. ಬಾಯಿಗಿಟ್ಟರೆ ನಾಲಿಗೆ ಒಗರಿಗೆ ಚುರುಟಿಕೊಳ್ಳುತ್ತದಲ್ಲ, ತೊಗಲಿಗೂ ಆಗುವುದು ಅದೇ. ಕಾಯಿಯ ಒಗರು ತೊಗಲಿನ ಎಳೆಗಳನ್ನು ಹಿಡಿದುಕೊಂಡು ಬಿಗಿ ಮಾಡುತ್ತದೆ, ಕೊಳೆಯಲು ಬಿಡುವುದಿಲ್ಲ. ಇದನ್ನು ವಿವರಿಸಿದೆ. ಅಮ್ಮ ಸ್ವಲ್ಪ ಹೊತ್ತು ಯೋಚಿಸಿ ತೀರ್ಪು ಕೊಟ್ಟಳು: "ಅಳಲೆಕಾಯಿದಾದ್ರೆ ಹಾಲ್‌ವರೆಗೂ ತಾ, ಪರವಾಗಿಲ್ಲ. ಆ ಕೆಮಿಕಲ್‌ದು ಬೇಡ."

ಮಡಿಗೂ ತೊಗಲಿಗೂ ಇರುವ ಸಂಬಂಧ ಮೊದಲಿನಿಂದಲೂ ಹೀಗೇ, ಸ್ವಲ್ಪ ಕಣ್ಣುಮುಚ್ಚಾಲೆಯದು. ದೇವಸ್ಥಾನದ ಬಾಗಿಲಲ್ಲಿ ಬೆಲ್ಟು ಬಿಚ್ಚಿಸುತ್ತಾರೆ. ಒಳಗೆ ಮೃದಂಗ ನುಡಿಯುತ್ತಿರುತ್ತದೆ. ಮೃದಂಗದ ಮುಚ್ಚಿಗೆಗೆ ಹಸುವಿನ ಚರ್ಮ ಬೇಕು, ಆಡಿನದೂ ಬೇಕು. ಬಿಗಿಯುವ ಬಾರುಗಳು ಎಮ್ಮೆಯವು. ಚಾಮರಾಜಪೇಟೆಯ ರಾಮನವಮಿ ಕಛೇರಿಗಳಲ್ಲಿ ತನಿ ಆವರ್ತನ ಶುರುವಾದಾಗ ತೊಡೆ ತಟ್ಟುತ್ತಾ ಕೂತಿರುತ್ತೇವಲ್ಲ, ಆ ನಾದವನ್ನು ಬಿಗಿದು ಕೊಟ್ಟವನು ಯಾರೆಂದು ಕೇಳಿದವರು ಕಡಿಮೆ. ಉಪನಯನದ ದಿನ ವಟುವಿನ ಜನಿವಾರಕ್ಕೆ ಕೃಷ್ಣಾಜಿನದ, ಅಂದರೆ ಕೃಷ್ಣಮೃಗದ ಚರ್ಮದ, ಚೂರು ಕಟ್ಟುವುದುಂಟು. ಇದನ್ನೂ ಅಮ್ಮನಿಗೆ ಹೇಳಿದೆ. "ಶಾಸ್ತ್ರ ನಿನಗಿಂತ ನನಗೆ ಚೆನ್ನಾಗಿ ಗೊತ್ತು, ಕೈ ತೊಳ್ಕೊಂಡು ಬಾ" ಎಂದಳು.

ಇನ್ನು ಹೊಲಿಗೆ. ತುಂಡುಗಳನ್ನು ಕತ್ತರಿಸಿ, ಮಡಚುವ ಕಡೆ ಒಳಮೈಯನ್ನು ಚೂಪು ಅಲಗಿನಿಂದ ಹೆರೆದು ತೆಳ್ಳಗೆ ಮಾಡಿ, ಅಂಟು ಹಾಕಿ ಜೋಡಿಸಬೇಕು. ಅಂಚಿಗೆ ಸಮನಾಗಿ ಒಂದು ಗೆರೆ ಎಳೆದು, ಅದರ ಮೇಲೆ ಹಲ್ಲುಳಿ ಇಟ್ಟು ಸುತ್ತಿಗೆಯಿಂದ ಹೊಡೆದರೆ ಓರೆಯಾದ ಸಣ್ಣ ತೂತುಗಳು ಸಾಲಾಗಿ ಬೀಳುತ್ತವೆ. ಇಲ್ಲೇ ಕೆಳಗಿನ ಮನೆಯವರು ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಗೆ ದೂರು ಕೊಟ್ಟದ್ದು. ದಾರದ ಉದ್ದ ಹೊಲಿಗೆಯ ನಾಲ್ಕರಷ್ಟು ಇರಬೇಕು, ಎರಡು ತುದಿಗೂ ಒಂದೊಂದು ಸೂಜಿ. ಎಡಗಡೆಯ ಸೂಜಿ ತೂತಿನಲ್ಲಿ ಈಚೆಗೆ ಬಂದಾಗ ಅದೇ ತೂತಿನಲ್ಲಿ ಬಲಗಡೆಯದು ಆಚೆಗೆ ಹೋಗಬೇಕು. ಮೊದಲು ಹೋದ ದಾರವನ್ನು ಎರಡನೆಯ ಸೂಜಿ ಚುಚ್ಚಬಾರದು. ಆಮೇಲೆ ಎರಡೂ ಕೈ ಅಗಲಿಸಿ ಒಂದೇ ಬಿಗಿಯಲ್ಲಿ ಎಳೆಯಬೇಕು. ಒಂದು ಕೈ ಜೋರಾದರೂ ಹೊಲಿಗೆ ಸೊಟ್ಟಗಾಗುತ್ತದೆ. ಕುದುರೆಯ ಜೀನು ಹೊಲಿಯುವವರ ಹೊಲಿಗೆ ಇದು. ಮಿಷನ್ನಿನ ಹೊಲಿಗೆಯಲ್ಲಿ ಮೇಲಿನ ದಾರ, ಕೆಳಗಿನ ದಾರ ಒಂದಕ್ಕೊಂದು ಕೊಕ್ಕೆ ಹಾಕಿಕೊಂಡಿರುತ್ತವೆ. ಒಂದು ಕಡೆ ಕಿತ್ತರೆ ಅಕ್ಕಪಕ್ಕದ್ದೂ ಬಿಚ್ಚುತ್ತಾ ಹೋಗುತ್ತದೆ. ಇದರಲ್ಲಿ ಒಂದೆಳೆ ತುಂಡಾದರೂ ಇನ್ನೊಂದು ಹಿಡಿದುಕೊಂಡಿರುತ್ತದೆ. ಹೆಂಡತಿಗೆ ಇದನ್ನು ವಿವರಿಸಿ, ಸಂಸಾರವೂ ಹೀಗೇ ಕಣೇ ಎಂದೆ. "ಅದಕ್ಕೇ ನಾನು ಹಿಡ್ಕೊಂಡಿರೋದು" ಎಂದಳು.

ಇಲ್ಲಿಂದ ನಡೆದುಹೋಗುವ ದೂರದಲ್ಲೇ ರೇಸ್ ಕೋರ್ಸ್ ಇದೆ. ಅದನ್ನು ಕುದುರೆಯ ಜಾಗ ಎನ್ನುವವರುಂಟು, ದುಡ್ಡು ಕಳೆಯುವ ಜಾಗ ಎನ್ನುವವರೂ ಉಂಟು. ನನಗೀಗ ಅಲ್ಲಿ ಓಡುವ ಕುದುರೆ ಕಾಣುವುದಿಲ್ಲ, ಜೀನಿನ ಹೊಲಿಗೆ ಕಾಣುತ್ತದೆ. ಮದುವೆಮನೆಗೆ ಹೋದರೆ ಗಂಡಿನ ಮುಖ ನೋಡುವ ಮೊದಲು ಅವನ ಬೆಲ್ಟಿನ ಅಂಚು ನೋಡುತ್ತೇನೆ. ಅಂಚನ್ನು ಒದ್ದೆ ಮಾಡಿ ಮರದ ತುಂಡಿನಿಂದ ಉಜ್ಜಿ ಹೊಳಪು ತಂದಿದ್ದಾರೋ, ಬರೀ ಬಣ್ಣ ಬಳಿದು ಮುಚ್ಚಿದ್ದಾರೋ ಗೊತ್ತಾಗಿಬಿಡುತ್ತದೆ. ಸವೆದುಹೋದ ಒಂದು ಜೊತೆ ಅಥಣಿ ಚಪ್ಪಲಿಯನ್ನು ಹೊಲಿಗೆ ಕಲಿಯಲೆಂದೇ ಬಿಚ್ಚಿ ನೋಡಿದ್ದೂ ಆಯಿತು. ಒಳಗೆ ಒಂದು ಮೊಳೆಯಿಲ್ಲ. ಅಟ್ಟೆಗೆ ಅಟ್ಟೆಯನ್ನು ತೊಗಲಿನ ಎಳೆಯಿಂದಲೇ ಹೊಲಿದು, ಉಂಗುಷ್ಟವನ್ನು ಕೂರಿಸಿದ ಅಚ್ಚುಕಟ್ಟು ನೋಡಿ ನನ್ನ ವೆಲ್ವೆಟ್ ಪೆಟ್ಟಿಗೆಯ ಮುಚ್ಚಳ ಹಾಕಿದೆ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡಗಳೂ ಸೇರಿದವು. ಹೆಸರು ಅವರ ಊರಿನದು. ಅಥಣಿ, ನಿಪ್ಪಾಣಿಯ ಕೈಗಳ ಕೆಲಸವೂ ಅದರಲ್ಲಿದೆ.

ಸುತ್ತಿಗೆಯ ಸದ್ದಿನ ದೂರು ಸಂಘದ ಸಭೆಗೆ ಬಂದಾಗ ನಾನು ದೊಡ್ಡ ಸಾಕ್ಷಿಯನ್ನೇ ತಂದೆ. 1927ರಲ್ಲಿ ಆರೋಗ್ಯ ಕೆಟ್ಟು ನಂದಿ ಬೆಟ್ಟದಲ್ಲಿ ವಿಶ್ರಾಂತಿ ಪಡೆದ ಗಾಂಧೀಜಿ, ಬೆಟ್ಟ ಇಳಿದ ಮೇಲೆ ತಂಗಿದ್ದು ಇದೇ ಕುಮಾರ ಪಾರ್ಕಿನಲ್ಲಿ. ಆಗ ಅವರು ಬರೆದ ಕಾಗದಗಳ ತಲೆಯ ಮೇಲೆ ನಮ್ಮ ಬಡಾವಣೆಯ ಹೆಸರಿದೆ. ಆ ಮನುಷ್ಯನಿಗೆ ಚಪ್ಪಲಿ ಹೊಲಿಯಲು ಬರುತ್ತಿತ್ತು. ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಗೆಳೆಯ ಕ್ಯಾಲೆನ್‌ಬಾಕ್‌ರಿಂದ ಕಲಿತದ್ದು. ತಮ್ಮನ್ನು ಜೈಲಿಗೆ ಹಾಕಿದ ಜನರಲ್ ಸ್ಮಟ್ಸ್‌ಗೆ ಜೈಲಿನಲ್ಲೇ ಒಂದು ಜೊತೆ ಮಾಡಿ, 1914ರಲ್ಲಿ ಆ ದೇಶ ಬಿಡುವಾಗ ಕೊಟ್ಟುಬಂದರು. ಎಷ್ಟೋ ಬೇಸಿಗೆ ಅದನ್ನು ಮೆಟ್ಟಿದೆ, ಆದರೆ ಅಂಥವರ ಚಪ್ಪಲಿಯಲ್ಲಿ ನಿಲ್ಲುವ ಯೋಗ್ಯತೆ ತನಗಿಲ್ಲ ಅನ್ನಿಸುತ್ತದೆ ಎಂದು ಸ್ಮಟ್ಸ್ 1939ರಲ್ಲಿ ಬರೆದರು. ಇಷ್ಟನ್ನೂ ಹೇಳಿ ಕೂತೆ. ಕಾರ್ಯದರ್ಶಿ ಗೌರವದಿಂದ ಕೇಳಿಸಿಕೊಂಡು, "ಎಲ್ಲ ಸರಿ ಸಾರ್. ಆದರೆ ಗಾಂಧೀಜಿಗೆ ಕೆಳಗಿನ ಫ್ಲ್ಯಾಟ್ ಇರಲಿಲ್ಲ" ಎಂದರು. ಮಧ್ಯಾಹ್ನ ಎರಡರಿಂದ ನಾಲ್ಕು ಸುತ್ತಿಗೆ ನಿಷಿದ್ಧ ಎಂದು ಠರಾವಾಯಿತು.

ಶೇಷಾದ್ರಿಪುರದ ಕಡೆಗೆ ಹೋಗುವ ದಾರಿಯಲ್ಲಿ, ಮರವೊಂದರ ಕೆಳಗೆ ಛತ್ರಿ ಕಟ್ಟಿಕೊಂಡು ಚಪ್ಪಲಿ ಹೊಲಿಯುವವರೊಬ್ಬರು ಕೂರುತ್ತಾರೆ. ವಯಸ್ಸು ಹೆಚ್ಚುಕಮ್ಮಿ ನನ್ನದೇ. ಇಷ್ಟು ವರ್ಷ ಉಂಗುಷ್ಟ ಕಿತ್ತಾಗ ಮಾತ್ರ ಅವರ ಮುಂದೆ ನಿಂತವನು, ಒಂದು ದಿನ ನಾನೇ ಹೊಲಿದ ಪರ್ಸು ಹಿಡಿದುಕೊಂಡು ಹೋದೆ. ಅವರು ಅದನ್ನು ತಿರುಗಿಸಿ ನೋಡಿದರು. ಹೊಲಿಗೆಯ ಮೇಲೆ ಉಗುರು ಎಳೆದರು. ಮೂಲೆ ಹಿಡಿದು ಒಮ್ಮೆ ಜಗ್ಗಿದರು.

"ಚೆನ್ನಾಗೈತೆ ಸಾರ್. ಎಷ್ಟೊತ್ತು ಹಿಡೀತು?"

ಒಂದು ವಾರ ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

"ವಾರಕ್ಕೊಂದು ಪರ್ಸು ಹೊಲಿದ್ರೆ ನಾವು ಉಣ್ಣೋದೇನು?"

ಕುಹಕವಿರಲಿಲ್ಲ, ಲೆಕ್ಕ ಹೇಳಿದರು ಅಷ್ಟೆ. ಅವರ ಮುಂದೆ ಹರಡಿದ್ದ ಸರಂಜಾಮು ಒಂದು ಗೋಣಿತಾಟಿನಷ್ಟು: ಕಬ್ಬಿಣದ ಅಡಿ, ಮೊಳೆಯ ಡಬ್ಬಿ, ಸಲ್ಯೂಷನ್ ಟ್ಯೂಬು, ಹಳೇ ಟೈರಿನ ತುಂಡು, ತುದಿಯಲ್ಲಿ ಕೊಕ್ಕೆಯಿರುವ ಒಂದು ಆರಿ, ಮಸೆದು ಮಸೆದು ಅರ್ಧ ಸವೆದ ಒಂದು ರಂಪಿಗೆ. ರಂಪಿಗೆ ಅವರ ಅಪ್ಪನದಂತೆ. ಆರಿಯನ್ನು ಅಟ್ಟೆಗೆ ಚುಚ್ಚಿ, ಕೆಳಗೆ ಎಡಗೈಯಿಂದ ಕೊಕ್ಕೆಗೆ ದಾರ ಸಿಗಿಸಿ, ಮೇಲಕ್ಕೆಳೆದು ಬಿಗಿಯುವುದು ನಾನು ಒಂದು ಸೂಜಿಗೆ ದಾರ ಪೋಣಿಸುವುದರೊಳಗೆ ಮುಗಿದಿರುತ್ತದೆ. ತೊಗಲು ಹಿಡಿದುಕೊಳ್ಳಲು ನನ್ನ ಹತ್ತಿರ ಮರದ ದೊಡ್ಡ ಇಕ್ಕಳವಿದೆ, ಮಗಳೇ ಆಮೇಲೆ ಕಳಿಸಿದ್ದು. ಅದರ ಫೋಟೊ ತೋರಿಸಿದೆ. "ಮಂಡಿ ಇಲ್ವಾ ಸಾರ್?" ಎಂದು ಕೇಳಿದರು.

ಇಂಥ ಕೈಕೆಲಸ ಇನ್ನು ಯಾರು ಕಲಿಯುತ್ತಾರೆ ಎಂದು ನಾನು ಮರುಗುವ ತಯಾರಿಯಲ್ಲೇ ಇದ್ದೆ. ಮಗ ಏನು ಮಾಡುತ್ತಾನೆ ಎಂದು ಕೇಳಿದೆ. "ಕ್ಯಾಬ್ ಓಡಿಸ್ತಾನೆ. ಆರಿ ಮುಟ್ಟಬೇಡ ಅಂತ ನಾನೇ ಹೇಳ್ದೆ" ಎಂದರು. ದನಿಯಲ್ಲಿ ಬೇಸರವಿಲ್ಲ. ಒಂದು ಜವಾಬ್ದಾರಿ ಮುಗಿಸಿದ ನೆಮ್ಮದಿಯಿತ್ತು. ಕಸುಬು ಅಳಿದುಹೋಗುತ್ತಿದೆ ಎಂಬ ಕೊರಗು ಆ ಮರದ ಕೆಳಗೆ ನನ್ನೊಬ್ಬನದೇ ಆಗಿತ್ತು.

ಮನೆಗೆ ಬರುವಾಗ ಚಪ್ಪಲಿ ಹೊಲಿಯುತ್ತಿದ್ದ ಶರಣ ಹರಳಯ್ಯನವರ ಕಥೆ ತಲೆಯಲ್ಲಿ ತಿರುಗುತ್ತಿತ್ತು. ಬಸವಣ್ಣನವರು ಮರಳಿ ಶರಣೆಂದರೆಂಬುದಕ್ಕೆ ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಚಮ್ಮಾವುಗೆ ಮಾಡಿದ್ದನ್ನು ನಾವೆಲ್ಲ ಹಾಡಿ ಹೊಗಳುತ್ತೇವೆ. ಅದೇ ಹರಳಯ್ಯನವರ ಮಗನಿಗೆ ಬ್ರಾಹ್ಮಣ ಮಧುವರಸರ ಮಗಳನ್ನು ಕೊಟ್ಟು ಮದುವೆ ಮಾಡಿದ್ದಕ್ಕೆ ದೊರೆ ಬಿಜ್ಜಳ ಇಬ್ಬರು ಬೀಗರಿಗೂ ಮರಣದಂಡನೆ ಕೊಟ್ಟ. ಕಲ್ಯಾಣ ಹೊತ್ತಿ ಉರಿಯಿತು. ಅದು ಹನ್ನೆರಡನೆಯ ಶತಮಾನ. ಹಿಂದಿನ ಬಾಗಿಲು, ಬಾಲ್ಕನಿ, ಕೈ ತೊಳೆದುಕೊಂಡು ಬಾ ಎನ್ನುವ ನಮ್ಮ ಮನೆಯ ಕರಾರು ನನಗೆ ತಮಾಷೆ, ಏಕೆಂದರೆ ಕೈ ತೊಳೆದರೆ ನನಗೆ ಒಳಗೆ ಜಾಗವಿದೆ. ಎಷ್ಟು ತೊಳೆದರೂ ಒಳಗೆ ಬಿಟ್ಟುಕೊಳ್ಳದ ಬಾಗಿಲುಗಳ ಮುಂದೆ ತಲೆಮಾರುಗಳ ಕಾಲ ನಿಂತವರಿಗೆ ಅದು ತಮಾಷೆಯಾಗಿರಲಿಲ್ಲ. ಬೇಸರವಾದ ದಿನ ಬಿಟ್ಟು ಏಳಬಹುದಾದರೆ ಹವ್ಯಾಸ. ಏಳಲಾಗದಿದ್ದರೆ ಕಸುಬು. ತೊಗಲು ಎರಡಕ್ಕೂ ಒಂದೇ.

ಈಗಲೂ ಹೊಲಿಯುತ್ತೇನೆ. ನೆಂಟರಿಷ್ಟರಲ್ಲಿ ನನ್ನ ಕೀಚೈನು ಇಲ್ಲದವರಿಲ್ಲ. ಬೇಡ ಅನ್ನಲಾರದೆ ತೆಗೆದುಕೊಂಡವರೇ ಹೆಚ್ಚು. ಅಮ್ಮ ತನ್ನ ಕನ್ನಡಕಕ್ಕೆ ಒಂದು ಕೇಸು ಮಾಡಿಕೊಡು ಎಂದಿದ್ದಾಳೆ, ಅಳಲೆಕಾಯಿದೇ ಆಗಬೇಕೆಂಬ ಷರತ್ತಿನ ಮೇಲೆ. ಓದುಗರಲ್ಲಿ ನನ್ನದು ಒಂದೇ ಕೇಳಿಕೆ. ಮುಂದಿನ ಸಲ ಚಪ್ಪಲಿ ಕಿತ್ತಾಗ, ಮರದ ಕೆಳಗಿನವರು ಹೇಳಿದ ಇಪ್ಪತ್ತು ರೂಪಾಯಿಯನ್ನು ಹದಿನೈದಕ್ಕೆ ಇಳಿಸಲು ಹೊರಡುವ ಮುನ್ನ, ಒಂದು ಗೇಣು ತೊಗಲಿಗೆ ನೀವೇ ಕೈಯಾರೆ ಹೊಲಿಗೆ ಹಾಕಿ ನೋಡಿ. ಆಮೇಲೂ ಚೌಕಾಸಿ ಮಾಡಲು ಬಾಯಿ ಬಂದರೆ ಧಾರಾಳವಾಗಿ ಮಾಡಿ.