ದೇವ್ ಬರೆಂ ಕರುಂ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗ ನಾನು ಹಿಂಜರಿದೆ. ಗುತ್ತಿಗೆ ಕೆಲಸದ ಲೆಕ್ಕ ಬರೆಯುವುದನ್ನು ಬಿಟ್ಟರೆ ನನಗೆ ಬರವಣಿಗೆಯ ರೂಢಿಯಿಲ್ಲ. ಮೇಲಾಗಿ ಅವರು ಸೂಚಿಸಿದ ವಿಷಯವೋ, ದೂರದೇಶಗಳಿಂದ ಈ ಕಡೆಗೆ ಬಂದು ನೆಲೆಸಿದ ಕ್ರೈಸ್ತ ಮಿಶನರಿಗಳನ್ನು ಕುರಿತದ್ದು. "ನೀವು ಕುಂಕಳ್ಳಿಯಲ್ಲಿ ಬೆಳೆದವರು. ಕಿಟ್ಟೆಲರ ನಿಘಂಟನ್ನು ನಿಮ್ಮಷ್ಟು ಹೊತ್ತವರು ಶಾಲೆಯಲ್ಲಿ ಇನ್ನೊಬ್ಬರಿಲ್ಲ" ಎಂದು ಅವರು ನಕ್ಕರು. ಮಾತು ನಿಜವೇ. ಗ್ರಂಥಾಲಯವೆಂದು ನಾವು ಗೌರವದಿಂದ ಕರೆಯುತ್ತಿದ್ದ ಆ ಒಂದೇ ಕಪಾಟಿನಲ್ಲಿ, ಮದ್ರಾಸು ವಿಶ್ವವಿದ್ಯಾನಿಲಯವು ಎಂ. ಮರಿಯಪ್ಪ ಭಟ್ಟರ ಸಂಪಾದಕತ್ವದಲ್ಲಿ ಹೊರತಂದ ಕಿಟ್ಟೆಲ್ ನಿಘಂಟಿನ ದಪ್ಪ ಸಂಪುಟಗಳಿದ್ದವು. ಅವು ನಮ್ಮ ಗುರುಗಳ ಸ್ವಂತದವು. ಮಳೆಗಾಲದಲ್ಲಿ ಮಾಡು ಸೋರತೊಡಗಿದೊಡನೆ ಗುರುಗಳು ಆ ಸಂಪುಟಗಳನ್ನು ನನ್ನ ತಲೆಯ ಮೇಲಿರಿಸಿ, ಮೇಲೊಂದು ಗೋಣಿತಟ್ಟು ಹೊದಿಸಿ, ಪಕ್ಕದ ಮನೆಗೆ ಸಾಗಿಸುತ್ತಿದ್ದರು. ತರಗತಿಯಲ್ಲಿ ಎತ್ತರದ ಹುಡುಗ ನಾನೇ. ಏಕೆಂದರೆ ನಾನು ಶಾಲೆಗೆ ತಡವಾಗಿ ಸೇರಿದವನು.

ತಡವಾದುದಕ್ಕೆ ಕಾರಣವುಂಟು. ನಮ್ಮದು ರೋಣ ತಾಲ್ಲೂಕಿನ ಒಂದು ಮಳೆಯಾಶ್ರಯದ ಹಳ್ಳಿ. ಅಂದು ಧಾರವಾಡ ಜಿಲ್ಲೆ, 1997ರಿಂದ ಗದಗ ಜಿಲ್ಲೆ. 1961ರಲ್ಲಿ ಗೋವೆಯು ವಿಮೋಚನೆಗೊಂಡ ಮೇಲೆ ಇಲ್ಲಿ ರಸ್ತೆ, ಸೇತುವೆ, ಮನೆಗಳ ಕೆಲಸಕ್ಕೆ ಆಳುಗಳು ಬೇಕಾದರು. ಬರಗಾಲದ ಒಂದು ವರ್ಷ ಅಪ್ಪ ಅವ್ವ ಇಬ್ಬರೂ ಹುಬ್ಬಳ್ಳಿಯ ಮೇಲೆ, ದೂಧಸಾಗರದ ಘಟ್ಟವಿಳಿದು, ಕುಂಕಳ್ಳಿಗೆ ಬಂದು ಚಿರೇಕಲ್ಲಿನ ಖಣಿಯಲ್ಲಿ ನಿಂತರು. ನನ್ನನ್ನೂ ಅಕ್ಕನನ್ನೂ ಅಜ್ಜಿಯ ಬಳಿ ಬಿಟ್ಟು ಬಂದಿದ್ದರು. ಇಲ್ಲಿ ಕನ್ನಡ ಶಾಲೆಯಿಲ್ಲದ ಕಾಲದಲ್ಲಿ ನಮ್ಮವರೆಲ್ಲ ಮಾಡುತ್ತಿದ್ದುದೇ ಹಾಗೆ. ದುಡಿಯುವ ಕೈಗಳು ಗೋವೆಯಲ್ಲಿ, ಓದುವ ಮಕ್ಕಳು ಹಳ್ಳಿಯಲ್ಲಿ. ವರ್ಷಕ್ಕೊಮ್ಮೆ ಯುಗಾದಿಗೋ ಜಾತ್ರೆಗೋ ಬಂದ ಅವ್ವನನ್ನು ಗುರುತಿಸಲಾರದೆ ನಾನು ಅಜ್ಜಿಯ ಸೆರಗಿನ ಹಿಂದೆ ಅಡಗಿಕೊಂಡೆನಂತೆ. ಅವ್ವ ಕೊನೆಯವರೆಗೂ ಆ ಸಂಗತಿಯನ್ನು ನಗುತ್ತಲೇ ಹೇಳುತ್ತಿದ್ದಳು. ಹೇಳಿ ಮುಗಿಸಿದ ಮೇಲೆ ನಗುತ್ತಿರಲಿಲ್ಲ.

ಇಲ್ಲಿ ಕನ್ನಡ ಶಾಲೆ ತೆರೆಯಿತೆಂದು ತಿಳಿದೊಡನೆ ಅಪ್ಪ ನನ್ನನ್ನು ಕರೆದೊಯ್ಯಲು ಬಂದ. ಇಬ್ಬರನ್ನೂ ಒಯ್ಯುವಂತಿರಲಿಲ್ಲ. ಅಜ್ಜಿಗೆ ಕಣ್ಣು ಮಂಜಾಗಿತ್ತು, ಮನೆಯಲ್ಲಿ ಎಮ್ಮೆಯಿತ್ತು. ಹದಿಮೂರರ ಅಕ್ಕ ಮೂರನೆಯ ಇಯತ್ತೆ ಬಿಟ್ಟು ಆಗಲೇ ಕೆಲವು ವರ್ಷಗಳಾಗಿದ್ದವು. "ಅವ ಹೋಗಲಿ, ನಾ ಇರ್ತೀನಿ" ಎಂದಳು. ಆ ನಾಲ್ಕು ಶಬ್ದಗಳ ಮೇಲೆ ನನ್ನ ವಿದ್ಯೆ ನಿಂತಿದೆ.

ಶಾಲೆ ಮೊದಲು ನಡೆದದ್ದು ನಾವು ಬಾಡಿಗೆಗಿದ್ದ ಮನೆಯ ಯಜಮಾನಿತಿಯ ಮುಂಜಗಲಿಯಲ್ಲಿ. ಅದಕ್ಕೆ ಇಲ್ಲಿನವರು ಬಲ್ಕಾಂವ್ ಎನ್ನುವರು. ಆಕೆ ವೃದ್ಧೆ, ಕ್ರೈಸ್ತಳು. ಒಬ್ಬನೇ ಮಗ ಹಡಗಿನ ಕೆಲಸದ ಮೇಲೆ ದೇಶಾಂತರದಲ್ಲಿದ್ದ. ಅವ್ವ ಬಾವಿಯಿಂದ ನೀರು ಸೇದಿಕೊಟ್ಟಾಗಲೆಲ್ಲ ಆಕೆ "ದೇವ್ ಬರೆಂ ಕರುಂ" ಎನ್ನುತ್ತಿದ್ದಳು. ಕೊಂಕಣಿಯಲ್ಲಿ ಉಪಕಾರ ಸ್ಮರಿಸುವ ಮಾತೇ ಅದು: ದೇವರು ಒಳ್ಳೆಯದು ಮಾಡಲಿ. ಅವ್ವನಿಗೆ ಅರ್ಥವನ್ನು ನಾನು ಬಿಡಿಸಿ ಹೇಳಿದಾಗ, "ದೇವರು ಮಾಡ್ತಾನ, ಖರೆ. ಅಲ್ಲೀತನಕಾ ಬಾಡಿಗಿ ಎರಡ ರೂಪಾಯಿ ಕಡಿಮಿ ಮಾಡ ಅಂತ ಹೇಳು" ಎಂದಳು. ನಾನು ಹೇಳಲಿಲ್ಲ. ಆದರೆ ಗುರುಗಳು ಮಕ್ಕಳನ್ನು ಕೂಡಿಸಲು ಜಾಗವಿಲ್ಲದೆ ಅಲೆಯುತ್ತಿದ್ದಾಗ, ಬಲ್ಕಾಂವನ್ನು ಎಂಟು ತಿಂಗಳು ಪುಕ್ಕಟೆಯಾಗಿ ಬಿಟ್ಟುಕೊಟ್ಟವಳು ಆಕೆಯೇ. ಏಕೆಂದು ಗುರುಗಳು ಕೇಳಿದ್ದಕ್ಕೆ, ಯಾವುದೋ ಬಂದರಿನಲ್ಲಿ ಯಾರೋ ತನ್ನ ಮಗನಿಗೂ ಕೂರಲು ಜಾಗ ಕೊಟ್ಟಿರುತ್ತಾರೆಂದು ಹೇಳಿದಳಂತೆ.

ಈ ಊರಿನಲ್ಲಿ ಪರದೇಶದ ಪಾದ್ರಿಗಳ ಮಾತೆತ್ತುವುದು ಸುಲಭವಲ್ಲ. 1567ರಲ್ಲಿ ಪೋರ್ತುಗೀಜರು ಸಾಷ್ಟಿ ಪ್ರಾಂತದ ದೇವಾಲಯಗಳನ್ನು ಕೆಡವಿದರು. ಕುಂಕಳ್ಳಿಯವರು ಬಗ್ಗಲಿಲ್ಲ, ಕಂದಾಯ ಕೊಡಲಿಲ್ಲ. 1583ರ ಜುಲೈಯಲ್ಲಿ ಐವರು ಜೆಸ್ವಿಟರು ಇಗರ್ಜಿಗೆ ಸ್ಥಳ ನೋಡಲು ಇಲ್ಲಿಗೆ ಬಂದಾಗ ಊರವರು ಅವರನ್ನು ಕೊಂದರು. ಐವರಲ್ಲಿ ಹಿರಿಯನಾದ ರುಡಾಲ್ಫ್ ಅಕ್ವಾವಿವಾ ಇಟಲಿಯ ಅರಸುಮನೆತನದವನು. ಅಕ್ಬರನ ಆಸ್ಥಾನದಲ್ಲಿ ಮೂರು ವರ್ಷ ಧರ್ಮಚರ್ಚೆ ನಡೆಸಿ ಆ ವರ್ಷವೇ ಗೋವೆಗೆ ಮರಳಿದ್ದನು. ಕೆಲಕಾಲದ ಬಳಿಕ ಪೋರ್ತುಗೀಜರು ಸಂಧಾನದ ನೆಪದಿಂದ ಊರಿನ 16 ಮಂದಿ ಮುಖಂಡರನ್ನು ಅಸೊಳ್ಣೆಯ ಕೋಟೆಗೆ ಕರೆಸಿಕೊಂಡು ಕೊಂದರು. ಒಬ್ಬನು ಮಾತ್ರ ಹೊಳೆಗೆ ಹಾರಿ ಕಾರವಾರದ ಕಡೆಗೆ ಪಾರಾದನೆಂದು ಊರಿನ ಹಿರಿಯರು ಹೇಳುವರು. ಆ ಐವರಿಗೆ 1893ರಲ್ಲಿ ಪೋಪ್ 13ನೆಯ ಲಿಯೋ ಅವರು 'ಧನ್ಯ'ರೆಂಬ ಪದವಿಯನ್ನಿತ್ತರು. ಮುಖಂಡರಿಗೆ ಬಹುಕಾಲದ ಅನಂತರ ಊರವರೇ ಸ್ಮಾರಕ ಕಟ್ಟಿದರು. ಪಾದ್ರಿಗಳೊಂದಿಗೆ ಪ್ರಾಣ ತೆತ್ತ ಸ್ಥಳೀಯ ಕ್ರೈಸ್ತರೂ ಇದ್ದರು. ಅವರು ಧನ್ಯರ ಪಟ್ಟಿಯಲ್ಲೂ ಇಲ್ಲ, ಮುಖಂಡರ ಸ್ಮಾರಕದಲ್ಲೂ ಇಲ್ಲ.

ಬಾಲ್ಯದಲ್ಲಿ ಈ ಕಥೆಯನ್ನು ನಾನು ಎರಡು ಬಗೆಯಾಗಿ ಕೇಳಿದ್ದೇನೆ. ಒಂದು ಬಗೆಯಲ್ಲಿ ದೇವರು ತನ್ನ ಭಕ್ತರನ್ನು ಇಲ್ಲಿಗೆ ನಡೆಸಿಕೊಂಡು ಬಂದನು. ಇನ್ನೊಂದರಲ್ಲಿ ದೇವಿಯು ತನ್ನ ಮಕ್ಕಳಿಗೆ ಎದ್ದು ನಿಲ್ಲುವ ಧೈರ್ಯ ಕೊಟ್ಟಳು. ಮಾರ್ಗದರ್ಶನವೆಂಬುದು ಎರಡೂ ಕಡೆಗೆ ಇತ್ತು. ಯಾವುದು ಸರಿಯೆಂದು ಗುರುಗಳನ್ನು ಕೇಳಿದಾಗ, "ಮೊದಲು ಇಸವಿಗಳನ್ನು ಸರಿಯಾಗಿ ಬರೆ" ಎಂದಿದ್ದರು. ಆಗ ಅದು ಜಾರಿಕೆಯ ಉತ್ತರವೆನಿಸಿತ್ತು.

ಅದೇ 1583ರ ಅಕ್ಟೋಬರ್ 24ರಂದು, ಅಂದರೆ ನೆತ್ತರಿನ ಕಲೆ ಮಾಸುವ ಮೊದಲೇ, ಗೋವೆಯಲ್ಲಿದ್ದ ಇನ್ನೊಬ್ಬ ಜೆಸ್ವಿಟ್ ಪಾದ್ರಿ, ಇಂಗ್ಲೆಂಡಿನ ಥಾಮಸ್ ಸ್ಟೀಫನ್ಸ್, ಪ್ಯಾರಿಸಿನಲ್ಲಿದ್ದ ತಮ್ಮ ಸೋದರನಿಗೆ ಪತ್ರ ಬರೆದರು. ಈ ನಾಡಿನ ಭಾಷೆಗಳ ಕಟ್ಟಡವು ಗ್ರೀಕ್, ಲ್ಯಾಟಿನ್‌ಗಳದ್ದನ್ನು ಹೋಲುತ್ತದೆಂದು ಅದರಲ್ಲಿ ಬೆರಗುಪಟ್ಟಿದ್ದಾರೆ. ವಿಲಿಯಂ ಜೋನ್ಸನು ಆ ಮಾತನ್ನು ಜಗತ್ತಿಗೆ ಹೇಳುವುದಕ್ಕೆ ಎರಡು ಶತಮಾನಗಳಷ್ಟು ಮುಂಚೆ! ಸಾಷ್ಟಿಯಲ್ಲಿಯೇ ಬಾಳಿದ ಅವರು ಓವಿ ಛಂದಸ್ಸಿನಲ್ಲಿ ಮರಾಠಿಯ 'ಕ್ರಿಸ್ತಪುರಾಣ'ವನ್ನು ರಚಿಸಿದರು. ಅದು 1616ರಲ್ಲಿ ರಾಯತೂರಿನಲ್ಲಿ ಅಚ್ಚಾಯಿತು. ಅವರು ತೀರಿಕೊಂಡು 21 ವರ್ಷಗಳ ಮೇಲೆ, 1640ರಲ್ಲಿ, ಅವರ ಕೊಂಕಣಿ ವ್ಯಾಕರಣವೂ ಅಲ್ಲಿಯೇ ಪ್ರಕಟವಾಯಿತು. ಆ ವ್ಯಾಕರಣದ ಹೆಸರಿನಲ್ಲಿ ಕೊಂಕಣಿಯನ್ನು 'ಕಾನಾರೀಂ' ಎಂದು ಕರೆದಿದೆ. ಪೋರ್ತುಗೀಜರು ನಮ್ಮ ಕನ್ನಡ ನಾಡಿನ ಹೆಸರನ್ನೇ ಗೋವೆಯ ಜನಕ್ಕೂ ಅವರ ನುಡಿಗೂ ಇಟ್ಟುಬಿಟ್ಟಿದ್ದರು.

ಇದನ್ನು ಓದಿದ ದಿನ ನಾನು ಒಬ್ಬನೇ ನಕ್ಕೆ. ಪೇಟೆಯಲ್ಲಿ, ಬಸ್ಸಿನಲ್ಲಿ 'ಘಾಂಟಿ' ಎಂದು, ಅಂದರೆ ಘಟ್ಟದ ಮೇಲಿನವನೆಂದು, ಕರೆಯಿಸಿಕೊಂಡು ಬೆಳೆದ ಹುಡುಗ ನಾನು. ಹದಿನೇಳರ ವಯಸ್ಸಿನಲ್ಲಿ ಬಸ್ಸಿನೊಳಗೆ ಅವ್ವ ಕನ್ನಡದಲ್ಲಿ ಕರೆದರೆ ಕಿಟಕಿಯ ಹೊರಗೆ ನೋಡುತ್ತಿದ್ದೆ. ಆ ಬಸ್ಸಿಗೋ ಕದಂಬರ ಹೆಸರು! ಗೋವೆಯ ಕದಂಬರ ರಾಜಧಾನಿಯಾಗಿದ್ದ ಚಂದ್ರಪುರ, ಇಂದಿನ ಚಾಂದರ, ಇಲ್ಲಿಂದ ದೂರವೇನಲ್ಲ. ಅವರ ಶಾಸನಗಳಲ್ಲಿ ಕನ್ನಡವಿದೆ. ಆದರೆ ಅವ್ವನಿಗೆ ಉತ್ತರಿಸದ ಮಗನಿಗೆ ಶಾಸನಗಳಿಂದೇನು ಪ್ರಯೋಜನ?

ಕ್ರೈಸ್ತ ಮಿಶನರಿಗಳ ಹೆಸರು ನಮ್ಮ ಮನೆಗೆ ಬಂದದ್ದು ಪುಸ್ತಕದಿಂದಲ್ಲ. ಬೆಟಗೇರಿಯ ಆಸ್ಪತ್ರೆಯನ್ನು ಅಜ್ಜಿ 'ಜರ್ಮನ್ ದವಾಖಾನಿ' ಎನ್ನುತ್ತಿದ್ದಳು. ಅದನ್ನು ನಡೆಸಿದ ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದವರು. ಅವರಲ್ಲಿ ಹರ್ಮನ್ ಮೋಗ್ಲಿಂಗರು 1843ರ ಜುಲೈ 1ರಂದು 'ಮಂಗಳೂರ ಸಮಾಚಾರ'ವನ್ನು ಹೊರಡಿಸಿ ಕನ್ನಡಕ್ಕೆ ಮೊದಲ ಪತ್ರಿಕೆಯನ್ನು ಕೊಟ್ಟರು. ಹತ್ತು ವರ್ಷಗಳ ಬಳಿಕ ಅವರು ತಾಯ್ನಾಡಿಗೆ ಮರಳುವ ಯೋಚನೆಯಲ್ಲಿದ್ದಾಗ ಕೊಡಗಿನ ಸೋಮಯ್ಯನೆಂಬವನು ಬಂದು ಭೇಟಿಯಾದನು. ಮೋಗ್ಲಿಂಗರು ಊರಿಗೆ ಹೋಗುವುದನ್ನು ಬಿಟ್ಟು ಕೊಡಗಿಗೆ ಹೋದರು. ಮಿಶನರಿಗಳ ಬರಹಗಳಲ್ಲಿ ಇಂಥ ತಿರುವುಗಳಿಗೆ ಒಂದೇ ಹೆಸರು: ದೈವಪ್ರೇರಣೆ. ನಮ್ಮವರಾದರೆ 'ಆ ನೆಲದ ಋಣವಿತ್ತು' ಎನ್ನುತ್ತಿದ್ದರು. ಈ ಎರಡು ಮಾತುಗಳ ನಡುವೆ ಅಂತರವಿದೆಯೆಂದು ನನಗೆ ತೋರುತ್ತದೆ. ದೈವಪ್ರೇರಣೆಯಾದರೆ ಹೋದವನ ಕಥೆ ಅಲ್ಲಿಗೆ ಪೂರ್ತಿಯಾಯಿತು. ಋಣವೆಂದರೆ ಲೆಕ್ಕ ತೆರೆದುಕೊಂಡಿತು. ಲೆಕ್ಕ ಬರೆಯುವ ಕಸುಬಿನವನಿಗೆ ಹೀಗೆ ತೋರುವುದು ಸಹಜವಿರಬಹುದು.

ಫರ್ಡಿನಾಂಡ್ ಕಿಟ್ಟೆಲರು 1853ರಲ್ಲಿ ಬಂದಾಗ ಅವರಿಗೆ 21 ವರ್ಷ. ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿ ಎಂದು ಅಲೆದರು. ಬೋಧಕರಾಗಿ ಅವರಿಗೆ ಹೆಚ್ಚಿನ ಯಶಸ್ಸು ದೊರೆಯಲಿಲ್ಲ. ಭಾಷೆಯ ಮೇಲೆ ಅವರಿಗಿದ್ದ ಹಂಬಲ ಮಿಶನ್ನಿನ ಹಿರಿಯರಿಗೆ ಹಿಡಿಸಲೂ ಇಲ್ಲ. 1864ರಲ್ಲಿ ಪತ್ನಿಯನ್ನು ಕಳೆದುಕೊಂಡರು. 1872ರಲ್ಲಿ 'ಶಬ್ದಮಣಿದರ್ಪಣ'ವನ್ನು, 1875ರಲ್ಲಿ ನಾಗವರ್ಮನ 'ಛಂದೋಂಬುಧಿ'ಯನ್ನು ಸಂಪಾದಿಸಿದರು. 1894ರಲ್ಲಿ, ಸುಮಾರು 70,000 ಶಬ್ದಗಳ, 1,700ಕ್ಕೂ ಮಿಕ್ಕಿದ ಪುಟಗಳ ಆ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ಅದರಲ್ಲಿ ಪಂಪನೂ ಇದ್ದಾನೆ, ಗಾದೆಯಾಡುವ ಒಕ್ಕಲಿಗನೂ ಇದ್ದಾನೆ. ಪಂಪನ ಹೆಸರು ನಮಗೆ ಗೊತ್ತು. ಗಾದೆಯನ್ನು ಹೇಳಿಕೊಟ್ಟವರು ಯಾರೋ!

ಬಾಸೆಲ್ ಮಿಶನ್ನಿನ ಕುರಿತು ಓದುವಾಗ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ ಸಂಗತಿ ಬೇರೊಂದು. 1850ರ ದಶಕದಿಂದ ಮಿಶನರಿಗಳು ತಮ್ಮ ಮಕ್ಕಳನ್ನು ಆರೇಳರ ವಯಸ್ಸಿಗೆ ಬಾಸೆಲಿನ 'ಮಕ್ಕಳ ಮನೆ'ಗೆ ಕಳುಹಿಸಿಕೊಡಬೇಕಿತ್ತು. ಓದು ಅಲ್ಲಿ, ತಂದೆತಾಯಿ ಇಲ್ಲಿ. ನಡುವೆ ಸಮುದ್ರ. ಎಷ್ಟೋ ಮಕ್ಕಳು ಹಲವು ವರ್ಷಗಳವರೆಗೆ ತಾಯ ಮುಖ ಕಾಣಲಿಲ್ಲ. ದೇವರು ನಡೆಸಿದ ದಾರಿಗಾಗಿ ಕೃತಜ್ಞತೆಯನ್ನು ಸಲ್ಲಿಸುವ ಹಿರಿಯರ ಬರಹಗಳನ್ನು ಓದಬಹುದು. ಆ ಏಳು ವರ್ಷದ ಮಗುವನ್ನು ಯಾರು ಕೇಳಿದರು? ಓದುತ್ತಿದ್ದಂತೆ ಅಜ್ಜಿಯ ಸೆರಗೂ, ಅದರಾಚೆ ನಿಂತಿದ್ದ ಅಪರಿಚಿತ ಹೆಂಗಸೂ ನೆನಪಾದರು. ನನ್ನನ್ನು ಆ ಸೆರಗಿನ ಹಿಂದಿನಿಂದ ಈಚೆಗೆ ತಂದದ್ದು ನಮ್ಮ ಈ ಶಾಲೆ. ಅಕ್ಕನನ್ನು ತರಲಿಲ್ಲ.

ಕಳೆದ ಫಾಲ್ಗುಣದಲ್ಲಿ ಅಕ್ಕ ಸೊಂತ್ರ್ಯೊ ನೋಡಲು ಬಂದಿದ್ದಳು. ಅಂದು ಶಾಂತಾದುರ್ಗಾ ಕುಂಕಳ್ಳಿಕಾರೀಣ ದೇವಿಯು ಫಾತರ್ಪೆಯಿಂದ ತನ್ನ ಮೂಲಸ್ಥಾನಕ್ಕೆ ಬರುವಳು. ಹನ್ನೆರಡು ಬಣ್ಣದ ಛತ್ರಿಗಳು, ಊರಿನ ಹನ್ನೆರಡು ಮನೆತನಗಳಿಗೆ ಒಂದೊಂದರಂತೆ, ಗುಲಾಲಿನ ಮೋಡದಲ್ಲಿ ತೇಲುವವು. ಹಿಂದೂಗಳೂ ಕ್ರೈಸ್ತರೂ ಕೂಡಿ ನೋಡುವರು. ಜನಜಂಗುಳಿಯಲ್ಲಿ ಅಕ್ಕ ನನ್ನ ತೋಳನ್ನು ಹಿಡಿದುಕೊಂಡಿದ್ದಳು. ರಾತ್ರಿ ಈ ಲೇಖನದ ಕರಡನ್ನು ಆಕೆಗೆ ಓದಿ ಹೇಳಿದೆ. ಪೋರ್ತುಗೀಜರು, ಜರ್ಮನರು ಬಂದಾಗ ತೂಕಡಿಸುತ್ತಿದ್ದವಳು ತನ್ನ ಮಾತು ಬಂದಾಗ ಎಚ್ಚತ್ತಳು.

"ಎಮ್ಮಿ ಸುದ್ದಿ ಯಾಕ ಬರದಿ?" ಎಂದಳು.

ಗುರುಗಳಿಗೂ, ಬಲ್ಕಾಂವ್ ಬಿಟ್ಟುಕೊಟ್ಟ ಆ ತಾಯಿಗೂ ನಾನು ಯಾವ ದಿನವೂ ಬಾಯಿಬಿಟ್ಟು ಏನನ್ನೂ ಹೇಳಲಿಲ್ಲ. ಇಬ್ಬರೂ ಈಗ ಇಲ್ಲ. ಅಕ್ಕನಿಗಾದರೂ ಹೇಳಬೇಕೆಂದು ಬಾಯಿ ತೆರೆದೆ. ನಮ್ಮ ಕಡೆ ಅದಕ್ಕೊಂದು ಮಾತೇ ಇಲ್ಲ. ಸಭೆಯಲ್ಲಿ ಹೇಳುವ 'ಧನ್ಯವಾದ'ವನ್ನು ಒಡಹುಟ್ಟಿದವಳಿಗೆ ಹೇಗೆ ಹೇಳುವುದು? ಹಾಗಾಗಿ, ಲೇಖನದಲ್ಲಿ ನಿನ್ನ ಹೆಸರನ್ನು ಹಾಕುತ್ತೇನೆ ಎಂದೆ.

"ಬ್ಯಾಡೋ ತಮ್ಮಾ. ಊರಾಗ ಯಾರರ ಓದಿ ನಗ್ತಾರ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಹೆಸರು ಹ್ಯಾಂಗ ಬರೀತಾರ ತೋರ್ಸು" ಎಂದಳು. ಕರಡಿನ ಹಿಂಬದಿಯಲ್ಲಿ ಬರೆದು ತೋರಿಸಿದೆ. ಆಕೆ ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಎಲೆಯಡಿಕೆಯ ಚೀಲದಲ್ಲಿಟ್ಟುಕೊಂಡಳು. ಆದುದರಿಂದ ಸಂಪಾದಕರಿಗೆ ಈ ಪುಟಗಳನ್ನು ಎರಡನೆಯ ಸಲ ಬರೆದು ಕಳುಹಿಸಬೇಕಾಯಿತು.