ಆ ‘ವಿಚಿತ್ರ ಕಾಯಿಲೆ’ಗೆ ಹೆಸರಿದೆ

ಎರಡು ವರ್ಷದ ಹಿಂದೆ ನಾವೊಂದು ಸುದ್ದಿ ಕಳಿಸಿದ್ದೆವು: ‘ವಿಚಿತ್ರ ಕಾಯಿಲೆಗೆ ತುತ್ತಾದ ಬಾಲಕ’. ಹುಡುಗನ ಮೊಣಕೈ ನೆಟ್ಟಗಾಗುತ್ತಿರಲಿಲ್ಲ, ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ, ತೋಳು ಸೊರಗಿತ್ತು. ಸುದ್ದಿ ಅಚ್ಚಾಯಿತು, ನಾವು ಮರೆತೆವು.

ಮೊನ್ನೆ ಅವನ ತಾಯಿ ಸಿಕ್ಕರು. ಬೆಂಗಳೂರಿನಲ್ಲಿ ಮಾಡಿಸಿದ ಜೀನ್ ಪರೀಕ್ಷೆಯ ವರದಿ ಕೈಗಿಟ್ಟರು. “ಅಣ್ಣಾ, ಬಸುರಿಯಾಗಿದ್ದಾಗ ಗ್ರಹಣ ನೋಡಿದ್ದಕ್ಕೆ ಹಿಂಗಾಯ್ತು ಅಂತಾರೆ. ಇದರಲ್ಲಿ ಹಂಗೇನಾದ್ರೂ ಬರೆದೈತಾ?”

ವರದಿಯಲ್ಲಿ ‘ಎಲ್‌ಎಂಎನ್‌ಎ’ ಎಂದಿತ್ತು. ನಮಗೂ ತಿಳಿಯಲಿಲ್ಲ. ಓದಲು ಕೂತೆವು.

ಮೈಯ ಜೀವಕೋಶದೊಳಗೆ ಕೋಶಕೇಂದ್ರ ಇರುತ್ತದೆ. ಅಗಲ ಸುಮಾರಾಗಿ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು. ಅದರ ಗೋಡೆಗೆ ಒಳಗಿನಿಂದ ಲ್ಯಾಮಿನ್ ಎಂಬ ಪ್ರೋಟೀನಿನ ಬಲೆ ಆಸರೆ. ಆ ಬಲೆಯ ಮುಖ್ಯ ಎಳೆಗಳನ್ನು ಮಾಡಿಸುವ ಜೀನೇ ಎಲ್‌ಎಂಎನ್‌ಎ. ಅದರಲ್ಲಿನ ದೋಷದಿಂದ ಈ ಸ್ನಾಯು ಕಾಯಿಲೆ ಬರುತ್ತದೆಂದು 1999ರಲ್ಲಿ ಫ್ರಾನ್ಸಿನ ಸಂಶೋಧಕರು ತೋರಿಸಿದರು. ಹೆಸರು ಎಮರಿ–ಡ್ರೈಫಸ್.

ಬಲೆ ಸಡಿಲವಾಗಿದೆಯೆಂದು ತಿಳಿಯುವುದು ಹೇಗೆ? ಮಂಡಿಯಲ್ಲಿ ವ್ಯಾಪಾರಿ ಟೊಮ್ಯಾಟೊ ಒತ್ತಿ ನೋಡುತ್ತಾನಲ್ಲ, ಹಾಗೇ. ಆದರೆ ಇಲ್ಲಿ ಹೆಬ್ಬೆರಳ ಅಂದಾಜು ನಡೆಯದು. ಕೂದಲಿಗಿಂತ ಸಣ್ಣ ಬಾಯಿಯ ಗಾಜಿನ ನಳಿಕೆಯಿಂದ ಇಂತಿಷ್ಟೇ ಒತ್ತಡದಲ್ಲಿ ಕೋಶಕೇಂದ್ರವನ್ನು ಹೀರಿ, ಅದು ಎಷ್ಟು ಒಳಗೆ ಸರಿಯಿತೆಂದು ಅಳೆಯುತ್ತಾರೆ. ಇಲ್ಲವೇ ಸೂಕ್ಷ್ಮ ಮೊನೆಯಿಂದ ಒತ್ತಿ, ಎಷ್ಟು ಬಲಕ್ಕೆ ಎಷ್ಟು ತಗ್ಗಾಯಿತೆಂದು ನೋಡುತ್ತಾರೆ. 2004ರಲ್ಲಿ ಅಮೆರಿಕದವರು ಈ ಲ್ಯಾಮಿನ್ ಇಲ್ಲದ ಇಲಿಯ ಕೋಶಗಳನ್ನು ರಬ್ಬರಿನಂಥ ಹಾಳೆಯ ಮೇಲೆ ಬೆಳೆಸಿ, ಹಾಳೆಯನ್ನೇ ಹಿಗ್ಗಿಸಿದರು. ಅವುಗಳ ಕೋಶಕೇಂದ್ರ ಮಾಮೂಲಿಗಿಂತ ಹೆಚ್ಚು ಹಿಗ್ಗಿ ಆಕಾರ ಕೆಟ್ಟಿತು. ಸ್ನಾಯುವಿಗೋ ದಿನವಿಡೀ ಎಳೆತವೇ ಕೆಲಸ. ಸ್ನಾಯು ಸೊರಗಲು ಇದೂ ಒಂದು ಕಾರಣವೆಂಬುದು ವಿಜ್ಞಾನಿಗಳ ವಿವರಣೆ.

ಮತ್ತೊಂದು ಮಾತು. ಎಷ್ಟೋ ಮಕ್ಕಳಲ್ಲಿ ಈ ದೋಷ ತಂದೆಯಲ್ಲೂ ಇರುವುದಿಲ್ಲ, ತಾಯಿಯಲ್ಲೂ ಇರುವುದಿಲ್ಲ. ಹೊಸದಾಗಿ ಹುಟ್ಟಿಕೊಂಡಿರುತ್ತದೆ.

ವಾಪಸ್ ಅವರ ಮನೆಗೆ ಹೋದೆವು. “ಅಕ್ಕಾ, ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ. ನಿಮ್ಮ ತಪ್ಪೂ ಇಲ್ಲ” ಎಂದೆವು. ಬೇರಿನಿಂದ ಗುಣಪಡಿಸುವ ಔಷಧ ಇನ್ನೂ ಬಂದಿಲ್ಲವೆಂದೂ ಮುಚ್ಚಿಡದೆ ಹೇಳಿದೆವು. ಆದರೆ ಈ ಕಾಯಿಲೆ ಹೃದಯದ ಬಡಿತವನ್ನೂ ಕೆಡಿಸುತ್ತದೆ, ವೈದ್ಯರು ಹೇಳಿದಾಗೆಲ್ಲ ಇಸಿಜಿ ತಪ್ಪಿಸಬೇಡಿ ಎಂದೆವು. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, “ಇದನ್ನ ನಮ್ಮ ಅತ್ತೆ ಮುಂದೆ ಇನ್ನೊಂದ್ಸಲ ಹೇಳಿ ಅಣ್ಣಾ” ಎಂದರು.

ಹೇಳಿದೆವು. ‘ವಿಚಿತ್ರ’ ಎಂಬ ನಮ್ಮ ಪದವನ್ನು ಇಲ್ಲಿ ವಾಪಸ್ ಪಡೆಯುತ್ತಿದ್ದೇವೆ.